ವಿಲಾಯತಿ ಪಿಂಗಾಣಿ: ಕೊಳ್ಳುವ ಮುನ್ನ, ಬಡಿಸುವ ಮುನ್ನ

ಹಳೆಯ ವಿಲಾಯತಿ ತಾಟು ಕೈಗೆ ಸಿಕ್ಕರೆ ಅದರ ಮುಖದ ಹೂಬಳ್ಳಿ ನೋಡುತ್ತ ನಿಲ್ಲಬೇಡಿ, ಮೊದಲು ಬೋರಲು ಹಾಕಿ. ಎಲ್ಲಿಯದು, ಯಾವ ಕಾಲದ್ದು, ಎಷ್ಟು ದುಡಿದಿದೆ, ಇನ್ನೂ ತಿನ್ನಲು ಯೋಗ್ಯವೇ ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಅದರ ಬೆನ್ನಿನಲ್ಲೇ ಇರುತ್ತದೆ. ಉಳಿದರ್ಧವನ್ನು ನಿಮ್ಮ ಕಣ್ಣು, ಬೆರಳು, ಕಿವಿ ಹೇಳಬೇಕು.

ಹಿಡಕಲ್ ಸುತ್ತಿನ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಇಂಥ ಸಾಮಾನು ಕಾಣಸಿಗುವುದಕ್ಕೆ ಕಾರಣಗಳಿವೆ. 1818ರಲ್ಲಿ ಬೆಳಗಾವಿ ಕೋಟೆ ಕಂಪನಿ ಸರ್ಕಾರದ ವಶವಾದ ಮೇಲೆ ಅಲ್ಲಿ ದಂಡು ಬೀಡುಬಿಟ್ಟಿತು. ಕ್ಯಾಂಪಿನ ಬಂಗಲೆಗಳಿಗೆ ಊಟದ ಮೇಜಿನ ಸಾಮಾನು ಹಡಗಿನಲ್ಲಿ ಬರುತ್ತಿತ್ತು. 1880ರ ದಶಕದಲ್ಲಿ ಗೋಕಾಕ ಫಾಲ್ಸ್ ಪಕ್ಕದಲ್ಲಿ ಘಟಪ್ರಭೆಯ ನೀರಿನ ಬಲದ ಮೇಲೆ ನೂಲಿನ ಗಿರಣಿ ಶುರುವಾಯಿತು, ಅದರ ಹಿಂದೆಯೇ ವಿಲಾಯತಿ ಸಾಹೇಬರ ಸಂಸಾರಗಳೂ ಬಂದವು. ಘಟಪ್ರಭಾ, ಗೋಕಾಕ ರೋಡ್ ಸ್ಟೇಷನ್ನುಗಳ ಮೇಲೆ ಹಾಯುವ ರೈಲುಮಾರ್ಗವನ್ನು 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ನಡೆಸಿತು. ಆ ಕಾಲದ ರೈಲ್ವೆ ಕಂಪನಿಗಳು ತಮ್ಮ ಹೆಸರಿನ ಅಕ್ಷರ ಹೊತ್ತ ತಾಟು, ಕಪ್ಪು-ಬಶಿಗಳನ್ನು ಇಂಗ್ಲೆಂಡಿನ ಕುಂಬಾರಿಕೆಗಳಲ್ಲಿ ಮಾಡಿಸುತ್ತಿದ್ದವು. ಸಾಹೇಬರು ಊರಿಗೆ ಹೊರಟಾಗ ಭಾರದ ಸಾಮಾನು ಹರಾಜಿಗೆ ಬಿತ್ತು, ಇಲ್ಲವೇ ಮನೆಗೆಲಸದವರ ಕೈ ಸೇರಿತು. ಉಳ್ಳವರ ವಾಡೆಗಳಿಗೆ ಮುಂಬಯಿಯ ಅಂಗಡಿಗಳಿಂದ ನೇರವಾಗಿ ಬಂದದ್ದೂ ಉಂಟು.

ಇಂಥ ಸಾಮಾನನ್ನು ಗಾಜಿನ ಕಪಾಟಿಗೆ ಬೀಗ ಹಾಕಿ ಇಡುವುದಕ್ಕಿಂತ ಬಳಸುವುದೇ ಸರಿ ಎಂದು ನಾನು ನಂಬಿದ್ದೇನೆ. ಅದು ಹುಟ್ಟಿದ್ದೇ ಊಟದ ಮೇಜಿಗಾಗಿ. ಆದರೆ ಇಂಗ್ಲೆಂಡಿನ ಮೇಜಿನ ಊಟ ಬೇರೆ, ನಮ್ಮ ಊಟ ಬೇರೆ. ಯಾವ ತಾಟಿನಲ್ಲಿ ಏನು ಬಡಿಸಬಹುದು, ಏನು ಬಡಿಸಲೇಬಾರದು ಎಂಬುದು ಗೊತ್ತಿದ್ದರೆ ಮಾತ್ರ ತಾಟೂ ಉಳಿಯುತ್ತದೆ, ಉಂಡವರ ಆರೋಗ್ಯವೂ ಉಳಿಯುತ್ತದೆ.

ಎಲುಬಿನ ಮಾತು

ಮಿಕ್ಕ ಬರಹಗಳು ತೇಲಿಸಿ ಬಿಡುವ ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮ ಭಾಗದ ಅನೇಕ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಬೋನ್ ಚೈನಾ ಎಂದರೆ ಹೆಸರಿಗಷ್ಟೇ ಎಲುಬಲ್ಲ. ಅದರ ಮಣ್ಣಿನಲ್ಲಿ ಸುಮಾರು ಅರ್ಧ ಪಾಲು ದನದ ಎಲುಬನ್ನು ಸುಟ್ಟು ಅರೆದ ಬೂದಿ. ಉಳಿದದ್ದರಲ್ಲಿ ಕಾಲು ಪಾಲು ಬಿಳಿ ಜೇಡಿ, ಕಾಲು ಪಾಲು ಕಾರ್ನ್‌ವಾಲ್ ಸೀಮೆಯ ಕಲ್ಲಿನ ಪುಡಿ. ಲಂಡನ್ನಿನ ಬೋ ಕಾರ್ಖಾನೆಯವರು 1740ರ ದಶಕದಲ್ಲೇ ಎಲುಬಿನ ಬೂದಿ ಬೆರೆಸಿ ನೋಡಿದ್ದರು. ಸ್ಟೋಕ್‌ನ ಜೋಸಯಾ ಸ್ಪೋಡ್ 1790ರ ದಶಕದಲ್ಲಿ ಆ ಪಾಕವನ್ನು ಹದಕ್ಕೆ ತಂದರು, ಅವರ ಮಗ ಅದನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದರು. ಮುಂದೆ ಇಂಗ್ಲೆಂಡಿನ ಬಹುಪಾಲು ಒಳ್ಳೆಯ ಪಿಂಗಾಣಿ ಇದೇ ಪಾಕದ್ದಾಯಿತು. ಅದರ ಹಾಲುಬಿಳುಪೂ, ತೆಳುವಾದರೂ ಬೇಗ ಒಡೆಯದ ಗಟ್ಟಿತನವೂ ಆ ಬೂದಿಯಿಂದ ಬಂದವು.

ಮನೆಯಲ್ಲಿ ಇದು ನಡೆಯುವುದಿಲ್ಲ ಎನ್ನುವವರು ಹಳೆಯ ವಿಲಾಯತಿ ಸಾಮಾನಿನ ಆಸೆಯನ್ನೇ ಬಿಡಬೇಕಾಗಿಲ್ಲ. ತಾಟನ್ನು ಕಿಟಕಿಯ ಬಿಸಿಲಿಗೋ ಮೊಬೈಲಿನ ಬ್ಯಾಟರಿಗೋ ಹಿಡಿದು ಹಿಂದೆ ಬೆರಳು ಆಡಿಸಿ. ಬೋನ್ ಚೈನಾ ಆದರೆ ಬೆರಳಿನ ನೆರಳು ತಿಳಿಹಳದಿ ಬೆಳಕಿನಲ್ಲಿ ಕಾಣುತ್ತದೆ. ದಪ್ಪ ತಾಟಿನಲ್ಲಿ ಬೆಳಕು ಮಂಕಾಗುತ್ತದೆ, ಹಾಗಾಗಿ ಅಂಚಿನ ತೆಳು ಭಾಗದಲ್ಲೇ ನೋಡಬೇಕು. ಬೆಳಕು ಒಂದಿಷ್ಟೂ ಹಾಯದಿದ್ದರೆ ಅದು ಎಲುಬಿಲ್ಲದ ಬಿಳಿ ಮಣ್ಣಿನ ಪಾತ್ರೆ. 1765ರಲ್ಲಿ ಇಂಗ್ಲೆಂಡಿನ ರಾಣಿ ಷಾರ್ಲೆಟ್‌ಗೆ ಚಹಾದ ಸೆಟ್ ಒದಗಿಸಿ ವೆಜ್‌ವುಡ್ ಹೆಸರು ಮಾಡಿದ ಕೆನೆಬಣ್ಣದ ‘ಕ್ವೀನ್ಸ್ ವೇರ್’, 1813ರಲ್ಲಿ ಮೇಸನ್ ಪೇಟೆಂಟ್ ಪಡೆದ ‘ಐರನ್‌ಸ್ಟೋನ್’, 1816ರಿಂದ ಬಂದ ಸ್ಪೋಡ್‌ನ ನೀಲಿ ‘ಇಟಾಲಿಯನ್’ ಎಲ್ಲ ಈ ಜಾತಿಯವು. ನಮ್ಮ ಕಡೆ ಕೈಗೆ ಸಿಗುವ ಜಾನ್ಸನ್ ಬ್ರದರ್ಸ್, ಮೀಕಿನ್, ಗ್ರಿಂಡ್ಲಿ ಮುದ್ರೆಯ ದಪ್ಪ ತಾಟುಗಳೂ ಬಹುಮಟ್ಟಿಗೆ ಹೀಗೆಯೇ. ನನಗಂತೂ ಬಂಗಾರದ ಗೆರೆಯ ತೆಳು ಕಪ್ಪುಗಳಿಗಿಂತ ಈ ನೀಲಿ-ಬಿಳಿ ತಾಟುಗಳ ಮೇಲೆ ಪ್ರೀತಿ ಹೆಚ್ಚು. ಬೆಲೆಯೂ ಕಡಿಮೆ, ಕೈಗೂ ಒಗ್ಗುತ್ತವೆ.

ಬೆನ್ನು ಓದುವ ಬಗೆ

‘ಇದು ವಿಕ್ಟೋರಿಯಾ ರಾಣಿ ಕಾಲದ್ದರೀ’ ಎಂದು ಮಾರುವವರು ಹೇಳುತ್ತಾರೆ. ಆಗ ಮಾತಾಡದೆ ಮುದ್ರೆ ನೋಡಿ. ‘ಇಂಗ್ಲೆಂಡ್’ ಎಂಬ ಪದ ಇದ್ದರೆ ಆ ತಾಟು ಸಾಮಾನ್ಯವಾಗಿ 1891ರ ಈಚಿನದು. ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಆ ವರ್ಷದಿಂದ ಕಾನೂನು ಮಾಡಿತು, ಇಂಗ್ಲೆಂಡಿನ ಕಾರ್ಖಾನೆಗಳು ಅದಕ್ಕೆ ತಲೆಬಾಗಿದವು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಇದ್ದರೆ 20ನೇ ಶತಮಾನದ್ದು. ‘ಬೋನ್ ಚೈನಾ’ ಎಂಬ ಪದ ಮುದ್ರೆಯೊಳಗಿದ್ದರೂ ಹಾಗೆಯೇ. ಕಂಪನಿ ಹೆಸರಿನ ಮುಂದೆ ‘ಲಿಮಿಟೆಡ್’ ಇದ್ದರೆ ಸಾಮಾನ್ಯವಾಗಿ 1860ರ ಈಚಿನದು.

ಮುದ್ರೆಯಲ್ಲಿರುವ ಇಸವಿಯನ್ನು ನಂಬಿ ಜನ ಹೆಚ್ಚು ಮೋಸಹೋಗುತ್ತಾರೆ. ‘1770’ ಎಂದೋ ‘1750’ ಎಂದೋ ಬರೆದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ. ತಾಟು ಅದಕ್ಕಿಂತ 200 ವರ್ಷ ಈಚಿನದೂ ಆಗಿರಬಹುದು. ಸಿಂಹ, ಒಂಟಿಕೊಂಬಿನ ಕುದುರೆಗಳ ರಾಜಲಾಂಛನ ಕಂಡರೆ ಅರಮನೆಯಿಂದ ಬಂದದ್ದು ಎಂದುಕೊಳ್ಳಬೇಕಿಲ್ಲ, ಹತ್ತಾರು ಕಾರ್ಖಾನೆಗಳು ಅದನ್ನು ಶೋಭೆಗಾಗಿ ಹಾಕಿಕೊಂಡವು.

ನಂಬಬಹುದಾದ ಗುರುತುಗಳು ಬೇರೆ ಇವೆ. 1842ರಿಂದ 1883ರವರೆಗೆ ನಮೂನೆಗಳನ್ನು ಸರ್ಕಾರದಲ್ಲಿ ನೋಂದಾಯಿಸಿದಾಗ ಶಂಕರಪೋಳಿಯ ಆಕಾರದ ಒಂದು ಚಿಹ್ನೆ ಒತ್ತುತ್ತಿದ್ದರು. ಅದರ ನೆತ್ತಿಯಲ್ಲಿ ರೋಮನ್ ಅಂಕಿಯ 4 ಇದ್ದರೆ ಪಿಂಗಾಣಿ-ಮಣ್ಣಿನ ವರ್ಗ ಎಂದರ್ಥ. ಮೂಲೆಗಳ ಅಕ್ಷರ-ಅಂಕಿಗಳಿಂದ ವರ್ಷ, ತಿಂಗಳು, ದಿನವನ್ನೂ ಹುಡುಕಿ ತೆಗೆಯಬಹುದು. 1884ರಿಂದ ಆ ಚಿಹ್ನೆ ಹೋಗಿ ‘ಆರ್‌ಡಿ ನಂಬರ್’ ಬಂತು. ಆ ಸಂಖ್ಯೆ 1ರಿಂದ ಶುರುವಾಗಿ 1900ರ ಹೊತ್ತಿಗೆ ಸುಮಾರು 3.5 ಲಕ್ಷ ಮುಟ್ಟಿತ್ತು. ಇವೆರಡೂ ಹೇಳುವುದು ನಮೂನೆ ನೋಂದಾದ ದಿನವನ್ನು. ತಾಟು ಅದೇ ದಿನದ್ದೂ ಇರಬಹುದು, ಅನೇಕ ವರ್ಷ ತಡವಾಗಿ ಬಂದದ್ದೂ ಇರಬಹುದು, ಮುಂಚಿನದು ಮಾತ್ರ ಅಲ್ಲ. ರಾಯಲ್ ವೂಸ್ಟರ್‌ನವರು 1892ರಿಂದ ವರ್ಷಕ್ಕೊಂದು ಚುಕ್ಕಿ ಸೇರಿಸುತ್ತ ಹೋದರು. ಮಿಂಟನ್‌ನವರು 1842ರಿಂದ ವರ್ಷಕ್ಕೊಂದು ಗುರುತು ಒತ್ತಿದರು. ಚುಕ್ಕಿ ಎಣಿಸಲು ಒಂದು ಭೂತಗನ್ನಡಿ ಜೇಬಿನಲ್ಲಿರಲಿ.

ಮುದ್ರೆಯೇ ಇಲ್ಲದಿದ್ದರೆ ಬಿಸಾಡಬೇಡಿ, 19ನೇ ಶತಮಾನದ ಮೊದಲರ್ಧದ ಎಷ್ಟೋ ಒಳ್ಳೆಯ ಸಾಮಾನಿಗೆ ಮುದ್ರೆ ಇರಲಿಲ್ಲ. ಆಗ ತಾಟಿನ ಮೈಯೇ ಸಾಕ್ಷಿ. ನೀಲಿ ತಾಟಿನ ಅಂಚಿನ ಬಳ್ಳಿಯನ್ನು ಬೆರಳಿಟ್ಟು ಸುತ್ತ ಹಿಂಬಾಲಿಸಿ. ತೆಳು ಕಾಗದದ ಮೇಲೆ ಅಚ್ಚು ತೆಗೆದು ಅದನ್ನು ತಾಟಿಗೆ ಅಂಟಿಸಿ ಬಣ್ಣ ಇಳಿಸುತ್ತಿದ್ದ ಕಾಲ ಅದು. ಕಾಗದದ ಎರಡು ತುದಿ ಕೂಡುವಲ್ಲಿ ಬಳ್ಳಿ ಕಡಿದು ಹೋಗಿರುತ್ತದೆ, ಹೂವಿನ ಅರ್ಧ ಎಸಳು ಮಾಯವಾಗಿರುತ್ತದೆ. ಆ ಜೋಡು ಕಂಡರೆ ಕೈಯಿಂದ ಅಚ್ಚು ಒತ್ತಿದ ತಾಟು ನಿಮ್ಮ ಮುಂದಿದೆ. ಮತ್ತೆ ಬೋರಲು ಹಾಕಿ ಅಂಚಿನ ಕೆಳಗೆ ಉಗುರು ಆಡಿಸಿದರೆ ಮೂರು ಕಡೆ ಸಣ್ಣ ಗಂಟುಗಳು ತಡೆಯಬಹುದು. ಭಟ್ಟಿಯಲ್ಲಿ ತಾಟುಗಳು ಒಂದಕ್ಕೊಂದು ಅಂಟದಂತೆ ನಡುವೆ ಇಡುತ್ತಿದ್ದ ಮಣ್ಣಿನ ಮುಳ್ಳುಗಳ ಕಲೆ ಅವು. ಸಾಚಾ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ: ಚಾಕು ಆಡಿದ ನಡುಭಾಗದಲ್ಲಿ ಅಡ್ಡಾದಿಡ್ಡಿ ಗೀರು, ತಳದ ಬಳೆಯಲ್ಲಿ ಕೊಳೆ ಹಿಡಿದ ತರಿ, ಅಂಚಿನಲ್ಲಿ ಏನೂ ಇಲ್ಲ, ಹೀಗಿರುತ್ತದೆ.

ನೀಲಿ ತಾಟುಗಳಲ್ಲಿ ಎಲ್ಲೆಡೆ ಸಿಗುವುದು ಸೇತುವೆ, ಎರಡು ಹಕ್ಕಿ, ಬಾಗಿದ ಮರವಿರುವ ‘ವಿಲೋ’ ಚಿತ್ರ. ಚೀನಾದ ಪ್ರೇಮಿಗಳ ಕಥೆ ಎಂದು ಮಾರುವವರು ಹೇಳುವುದನ್ನು ನಂಬಬೇಡಿ, ಚಿತ್ರವೂ ಕಥೆಯೂ ಇಂಗ್ಲೆಂಡಿನಲ್ಲೇ ಹುಟ್ಟಿದವು. ಭಾರತದವರು ಆಸೆಪಡಬೇಕಾದದ್ದು ಸ್ಪೋಡ್‌ನ ಬೇಟೆಯ ಸರಣಿ. 1807ರಲ್ಲಿ ಪ್ರಕಟವಾದ ‘ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್’ ಎಂಬ ಪುಸ್ತಕದ ಚಿತ್ರಗಳನ್ನು ಆಧರಿಸಿ ಆನೆ, ಹುಲಿ, ಕರಡಿ, ಕಾಡುಹಂದಿಗಳ ಬೇಟೆಯನ್ನು ತಾಟುಗಳ ಮೇಲೆ ಇಳಿಸಿದರು. ಅದು ಅಪರೂಪ, ಬೆಲೆಯೂ ಜೋರು.

ಬವೇರಿಯಾ, ಚೆಕೊಸ್ಲೊವಾಕಿಯಾ, ಜಪಾನ್ ಎಂದಿರುವ ಸಾಮಾನನ್ನೂ ‘ಇಂಗ್ಲಿಷ್’ ಎಂದೇ ಮಾರುತ್ತಾರೆ. ಕೆಟ್ಟದ್ದೇನಲ್ಲ. ಯುರೋಪಿನ ಗಟ್ಟಿ ಪಿಂಗಾಣಿಯಲ್ಲಿ ಎಲುಬೂ ಇಲ್ಲ, ಮೈಮೇಲಿನ ಗಾಜಿನಂಥ ಮೆರುಗಿನಲ್ಲಿ ಸೀಸವೂ ಇಲ್ಲ. ಆದರೆ ಇಂಗ್ಲಿಷ್ ಬೆಲೆ ಕೊಡಬೇಡಿ.

ಕೊಳ್ಳುವಾಗ ಕಡೆಯ ಪರೀಕ್ಷೆ ಕಿವಿಯದು. ತಾಟನ್ನು ಅಂಗೈ ನಡುವೆ ನಿಲ್ಲಿಸಿ ಉಗುರಿನಿಂದ ಅಂಚಿಗೆ ತಟ್ಟಿ. ಗಂಟೆಯ ನಾದ ಬಂದರೆ ಮೈ ಗಟ್ಟಿಯಿದೆ, ಮಂಕು ಸದ್ದು ಬಂದರೆ ಕೂದಲೆಳೆಯಂಥ ಬಿರುಕು ಎಲ್ಲೋ ಅಡಗಿದೆ. ಮಣ್ಣಿನ ತಾಟುಗಳ ನಾದ ಹುಟ್ಟಿನಿಂದಲೇ ಮಂಕು, ಅವುಗಳಿಗೆ ಕಣ್ಣನ್ನೇ ನಂಬಿ. ಮುಕ್ಕನ್ನು ತುಂಬಿ ಬಣ್ಣ ಬಳಿದಿದ್ದರೆ ಆ ಜಾಗ ಬೆರಳಿಗೆ ಪ್ಲಾಸ್ಟಿಕ್ಕಿನಂತೆ ಬೆಚ್ಚಗೆ, ಮೆತ್ತಗೆ ತಾಗುತ್ತದೆ. ಒಡೆದದ್ದನ್ನು ತಂತಿಯ ಕೊಕ್ಕೆ ಹಾಕಿ ಕೂಡಿಸಿದ ಹಳೆಯ ತಾಟುಗಳೂ ಬರುತ್ತವೆ. ಆ ಕೈಚಳಕಕ್ಕಾಗಿ ಕೊಳ್ಳಿ, ಗೋಡೆಗೆ ಹಾಕಿ, ಊಟಕ್ಕೆ ಬೇಡ.

ಹುಳಿ, ಬಿಸಿ, ಹೊತ್ತು

ಹಳೆಯ ಇಂಗ್ಲಿಷ್ ಸಾಮಾನಿನ ಮೆರುಗಿನಲ್ಲಿ ಸೀಸ ಬಳಸುತ್ತಿದ್ದರು. ಮೆರುಗಿನ ಮೇಲೆ ಬರೆದ ಬಣ್ಣಗಳಲ್ಲೂ ಸೀಸ ಇರುತ್ತಿತ್ತು, ಕೆಲವು ಕೆಂಪು-ಹಳದಿಗಳಲ್ಲಿ ಕ್ಯಾಡ್ಮಿಯಂ ಕೂಡ. ಚೆನ್ನಾಗಿ ಸುಟ್ಟ, ಮೈ ಒಡೆಯದ ಮೆರುಗು ಸೀಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಅದನ್ನು ಬಿಡಿಸುತ್ತದೆ. ಪ್ರಯೋಗಾಲಯದಲ್ಲಿ ಸೀಸ ಬಿಡುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಇದೇ ತತ್ವದ್ದು: ಶೇ. 4ರ ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಡಿಮೆ ಮನೆಯ ವಿನೆಗರಿನಷ್ಟೇ ಹುಳಿಯ ನೀರು ತುಂಬಿ 24 ಗಂಟೆ ಇಡುತ್ತಾರೆ. ನಿಂಬೆಕಾಯಿ ಉಪ್ಪಿನಕಾಯಿಯನ್ನು ಹಳೆಯ ಬಟ್ಟಲಿನಲ್ಲಿ ವಾರಗಟ್ಟಲೆ ಇಟ್ಟರೆ ನಾವು ಅದೇ ಪರೀಕ್ಷೆಯನ್ನು ಮಾಡಿ, ಬಂದದ್ದನ್ನು ತಿಂದಂತಾಗುತ್ತದೆ.

ಹುಳಿ ಎಷ್ಟು, ಬಿಸಿ ಎಷ್ಟು, ಎಷ್ಟು ಹೊತ್ತು ಎಂಬ ಈ ಮೂರನ್ನು ನೋಡಿಕೊಂಡು ಬಡಿಸಬೇಕು. ಪುಂಡಿಪಲ್ಯ, ಹುಣಸೆಹುಳಿಯ ಸಾರು, ಟೊಮೆಟೊ ಗೊಜ್ಜು, ಮೊಸರು, ಮಜ್ಜಿಗೆ, ಉಪ್ಪಿನಕಾಯಿ ಯಾವುದೂ ಬೇಡ. ಇವಕ್ಕೆ ಸ್ಟೀಲೋ ಗಾಜೋ ಇದೆ. ಏನನ್ನೂ ಸಂಗ್ರಹಿಸಿ ಇಡಬೇಡಿ, ಫ್ರಿಜ್ಜಿನಲ್ಲಿಯೂ ಇಡಬೇಡಿ. ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಹಳೆಯ ತಾಟಿನಲ್ಲಿ ಬಡಿಸುವ ಗೋಜಿಗೇ ಹೋಗಬಾರದು, ಸೀಸದ ಕೇಡು ಅವರಿಗೇ ಹೆಚ್ಚು. ತಿನ್ನುವ ಜಾಗದ ತುಂಬ ಕೈಯಿಂದ ಬರೆದ ಬಣ್ಣದ ಹೂಗಳಿದ್ದರೆ ಅದು ಗೋಡೆಗೆ. ಮೆರುಗಿನ ಮೇಲಿನ ಬಣ್ಣ ಗುರುತಿಸಲು ತಾಟನ್ನು ಓರೆ ಹಿಡಿಯಿರಿ, ಹೂವಿನ ಮೇಲಿನ ಹೊಳಪು ಬಿಳಿಯ ಹೊಳಪಿಗಿಂತ ಬೇರೆಯಾಗಿ ಕಾಣುತ್ತದೆ, ಬೆರಳಿಗೂ ತುಸು ಎದ್ದು ತಾಗುತ್ತದೆ. ನೀಲಿ-ಬಿಳಿ ತಾಟುಗಳಲ್ಲಿ ಬಣ್ಣ ಮೆರುಗಿನ ಕೆಳಗಿರುವುದರಿಂದ ಅವು ಇದ್ದುದರಲ್ಲಿ ವಾಸಿ. ಮೆರುಗೆಲ್ಲ ಜೇಡರಬಲೆಯಂತೆ ಒಡೆದು ಕಂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ, ಕೊಳೆ ಒಳಗಿಳಿದಿದೆ ಎಂದರ್ಥ. ಅದರಲ್ಲಿ ತಿನ್ನಬಾರದು.

ಇಷ್ಟೆಲ್ಲ ಬೇಡ ಎಂದ ಮೇಲೆ ಉಳಿದದ್ದೇನು? ಬಹಳ ಉಳಿಯುತ್ತದೆ. ಗೋಕಾಕದ ಕರದಂಟಿನಷ್ಟು ಈ ತಾಟುಗಳಿಗೆ ಹೊಂದುವ ತಿನಿಸು ಇನ್ನೊಂದಿಲ್ಲ. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣಿನ ಒಣ ತಿನಿಸು, ಹುಳಿಯಿಲ್ಲ, ಬಿಸಿಯಿಲ್ಲ. ವಿಲಾಯತಿಯವರು ಊಟದ ಕೊನೆಗೆ ಸಿಹಿ ಬಡಿಸುತ್ತಿದ್ದ ಚಿಕ್ಕ ತಾಟಿನಲ್ಲಿ ಎರಡು ತುಂಡು ಇಟ್ಟುಕೊಟ್ಟು ನೋಡಿ. ಬೆಳಗಾವಿ ಕುಂದಾ, ಶೇಂಗಾ ಹೋಳಿಗೆ, ಚಕ್ಕುಲಿ, ಉಂಡಿ ಎಲ್ಲ ನಡೆಯುತ್ತವೆ. ಅವರು ಇಡೀ ಮಾಂಸದ ತುಂಡು ಇಡುತ್ತಿದ್ದ ದೊಡ್ಡ ಮೊಟ್ಟೆಯಾಕಾರದ ಹರಿವಾಣವನ್ನು ನಮ್ಮವರು ಏನು ಮಾಡುವುದೆಂದು ತಿಳಿಯದೆ ಬಿಡುತ್ತಾರೆ. ಮಡಚಿದ ಮಂಡಿಗೆಗಳನ್ನು ಸಾಲಾಗಿ ಇಡಲು ಅದಕ್ಕಿಂತ ಒಳ್ಳೆಯ ಪಾತ್ರೆ ನಾನು ಕಂಡಿಲ್ಲ.

ಇನ್ನು ಚಹಾ. ನಮ್ಮ ಚಹಾ ಒಲೆಯ ಮೇಲೆ ಹಾಲು-ಸಕ್ಕರೆ ಕೂಡಿ ಕುದಿಯುವಂಥದ್ದು, ಅವರದು ಕಿಟ್ಲಿಯಲ್ಲಿ ಬಿಸಿನೀರು ಹೊಯ್ದು ನೆನೆಸುವಂಥದ್ದು. ಪಿಂಗಾಣಿ ಕಿಟ್ಲಿಯನ್ನು ಗ್ಯಾಸಿನ ಮೇಲೆ ಇಟ್ಟರೆ ಆ ಕ್ಷಣವೇ ಸೀಳುತ್ತದೆ. ಪಾತ್ರೆಯಲ್ಲಿ ಕುದಿಸಿ, ಕಿಟ್ಲಿಗೆ ಮೊದಲು ಬೆಚ್ಚನೆಯ ನೀರು ತುಂಬಿಸಿ ಚೆಲ್ಲಿ, ಆಮೇಲೆ ಸೋಸಿ. ಮಾಗಿಯ ಚಳಿಯಲ್ಲಿ ಕಪಾಟಿನಿಂದ ತೆಗೆದ ತಣ್ಣನೆಯ ಕಪ್ಪಿಗೂ ಇದೇ ಉಪಚಾರ ಬೇಕು. ಬಶಿಗೆ ಹೊಯ್ದು ಸೊರ್ ಎಂದು ಕುಡಿಯುವ ನಮ್ಮ ರೂಢಿಗೆ ಯಾರೂ ನಾಚಬೇಕಿಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲೂ ಹಾಗೆ ಕುಡಿಯುತ್ತಿದ್ದರು. ಆ ಕಾಲದ ಬಶಿಗಳು ಆಳವಾಗಿದ್ದು, ಕಪ್ಪು ಕೂರುವ ಗುಳಿ ನಡುವೆ ಇರುತ್ತಿರಲಿಲ್ಲ. ಅಂಥ ಬಶಿ ಕಂಡರೆ ಬಿಡಬೇಡಿ, ವಯಸ್ಸಾದದ್ದೆಂಬುದಕ್ಕೆ ಅದೂ ಒಂದು ಗುರುತು.

ತೊಳೆಯುವಾಗ, ಇಡುವಾಗ

ಹೆಚ್ಚು ತಾಟು ಒಡೆಯುವುದು ಬಚ್ಚಲಲ್ಲಿ. ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದೇ ತೊಳೆಯಿರಿ. ಉಂಗುರ, ಗಾಜಿನ ಬಳೆ, ಬಂಗಾರದ ಬಳೆ ಎಲ್ಲ ತೆಗೆದಿಡಿ. ಬೂದಿ, ಪಾತ್ರೆ ಪುಡಿ, ತೆಂಗಿನ ನಾರು, ಸ್ಟೀಲಿನ ಜಾಲರಿ ಬಂಗಾರದ ಗೆರೆಯನ್ನು ಕೆಲವೇ ತಿಂಗಳಲ್ಲಿ ಅಳಿಸಿಬಿಡುತ್ತವೆ. ಹಿತ್ತಾಳೆಗೆ ಒಳ್ಳೆಯದಾದ ಹುಣಸೆಹಣ್ಣು ಇಲ್ಲಿ ಶತ್ರು. ಕಪ್ಪಿನೊಳಗಿನ ಚಹಾದ ಕರೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮೆಲ್ಲಗೆ ಒರೆಸಿದರೆ ಸಾಕು, ಗೆರೆಗೆ ತಾಗದಿರಲಿ. ಬ್ಲೀಚಿಂಗ್ ದ್ರವ ಮುಟ್ಟಿಸಲೇಬೇಡಿ. ಮಣ್ಣಿನ ತಾಟಿನ ಬಿರುಕಿನೊಳಗೆ ಇಳಿದ ಬ್ಲೀಚಿನ ಉಪ್ಪು ಒಣಗಿ ಹರಳುಗಟ್ಟಿ ಮೆರುಗನ್ನೇ ಕಿತ್ತು ಉದುರಿಸುತ್ತದೆ. ಬಂಗಾರದ ಗೆರೆಯಿದ್ದದ್ದು ಮೈಕ್ರೋವೇವಿಗೆ ಸಲ್ಲದು.

ತಾಟುಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಹಳೆಯ ಧೋತರದ ತುಂಡು ಹಾಕಿ. ಮೇಲಿನ ತಾಟಿನ ತಳದ ತರಿ ಕೆಳಗಿನ ತಾಟಿನ ಮುಖವನ್ನು ಗೀರುತ್ತದೆ. ಕಪ್ಪುಗಳನ್ನು ಹಿಡಿಯಿಂದ ಕೊಕ್ಕೆಗೆ ತೂಗುಹಾಕಬೇಡಿ, ಹಿಡಿ ಅಂಟಿದ ಜಾಗವೇ ಅವುಗಳ ದುರ್ಬಲ ಜಾಗ.

ಎಲ್ಲಿ, ಹೇಗೆ ಕೊಳ್ಳುವುದು

ಪೂರ್ತಿ ಸೆಟ್ಟಿನ ಹಂಬಲ ಬಿಡಿ. ಆರು ಬೇರೆ ಬೇರೆ ನೀಲಿ ತಾಟು ಕೂಡಿಸಿ ಒಂದು ಸೆಟ್ ಮಾಡಿಕೊಂಡರೆ ಮೇಜಿನ ಮೇಲೆ ಇನ್ನೂ ಚೆಂದ, ಖರ್ಚೂ ಕಡಿಮೆ. ಹೀಗೆ ಬಿಡಿಬಿಡಿಯಾಗಿ ಕೊಂಡರೆ ಒಂದು ಒಡೆದಾಗ ಸೆಟ್ ಕೆಟ್ಟಿತೆಂಬ ಸಂಕಟವೂ ಇಲ್ಲ. ಪುಣೆಯ ಜೂನಾ ಬಜಾರ್ ಬುಧವಾರ, ಭಾನುವಾರ ಕೂಡುತ್ತದೆ, ಬೆಳಗಾವಿ ಕಡೆಯವರಿಗೆ ಅದು ರಾತ್ರಿ ರೈಲಿನ ದಾರಿ. ಮುಂಬಯಿ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಸಾಮಾನು ಹೆಚ್ಚು, ಚೌಕಾಶಿಯೂ ಹೆಚ್ಚು. ಹತ್ತಿರದ ಮನೆಗಳಿಂದ ಕೊಳ್ಳುವಾಗ ನ್ಯಾಯವಾಗಿ ನಡೆದುಕೊಳ್ಳಿ. ಅಟ್ಟದ ಮೇಲಿನ ತಾಟಿನ ಬೆಲೆ ಗೊತ್ತಿಲ್ಲದ ಮುದುಕಿಯಿಂದ ಪುಡಿಗಾಸಿಗೆ ಹೊಡೆದುಕೊಂಡು ಬರುವುದು ಸಂಗ್ರಾಹಕನ ಲಕ್ಷಣವಲ್ಲ. ಮುದ್ರೆ ತೋರಿಸಿ, ಏನೆಂದು ಹೇಳಿ, ಆಮೇಲೆ ಬೆಲೆ ಕೇಳಿ. ಮಣ್ಣು, ಮೆರುಗು, ಭಟ್ಟಿ ಎಂದರೇನೆಂದು ಕಣ್ಣಾರೆ ನೋಡುವ ಆಸೆಯಿದ್ದರೆ ದೂರ ಹೋಗಬೇಕಾಗಿಲ್ಲ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಹಸಿ ಮಣ್ಣನ್ನೂ ಸುಟ್ಟ ಮಣ್ಣನ್ನೂ ಒಮ್ಮೆ ಮುಟ್ಟಿ ಬಂದವರಿಗೆ ಸಂತೆಯಲ್ಲಿ ತಾಟು ಹಿಡಿದಾಗ ಬೆರಳಿಗೆ ತಿಳಿಯುವುದೇ ಬೇರೆ.

ಪ್ರತಿಯೊಂದು ತಾಟಿನ ಮುಖ, ಬೆನ್ನು ಎರಡರದೂ ಫೋಟೊ ತೆಗೆದು, ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂದು ಒಂದು ವಹಿಯಲ್ಲಿ ಬರೆದಿಡಿ, ರಸೀದಿಯನ್ನೂ ಅದರಲ್ಲೇ ಅಂಟಿಸಿ. ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮನೆಗಳಿಗೆ ಇದು ಇನ್ನೂ ಮುಖ್ಯ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾಕುಸುರಿಯ ವಸ್ತುಗಳು ಪುರಾತನ ವಸ್ತುಗಳ ಸಾಲಿಗೆ ಬರುತ್ತವೆ. ಅಂಥದ್ದನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ, ಅದನ್ನು ಮಾರುವ ವ್ಯಾಪಾರಕ್ಕೂ ಪರವಾನಗಿ ಬೇಕು. ಅಜ್ಜಿಯ ಕಪ್ಪು-ಬಶಿಯನ್ನು ಮಗಳು ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳುವ ಮೊದಲು ಮುದ್ರೆ ನೋಡಿ ಕಾಲ ಅಂದಾಜು ಮಾಡಿ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ತೋರಿಸಿ, ಪುರಾತನವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ವಹಿ, ಫೋಟೊ, ರಸೀದಿ ಆಗ ಕೈಯಲ್ಲಿದ್ದರೆ ಕೆಲಸ ಹಗುರಾಗುತ್ತದೆ.